ಸಿಕ್ಲಿಡ್ ಮರಿಗಳು ಉಳಿಯಬೇಕಾದರೆ

ಪ್ರಶ್ನೆ: ಮೂಡಿಗೆರೆಯ ನಮ್ಮ ಮನೆಯ ಅಕ್ವೇರಿಯಂನಲ್ಲಿ ಏಂಜೆಲ್ ಮೀನಿನ ಮರಿಗಳು ಈಜಲು ಶುರುಮಾಡಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಏಕೆ?

ಉತ್ತರ: ಮೊದಲ ಅನುಮಾನ ಚಳಿಯ ಮೇಲೆ. ಮಳೆಗಾಲದಲ್ಲೂ ಮಾಗಿಯಲ್ಲೂ ಮಲೆನಾಡಿನ ತೊಟ್ಟಿಗೆ ಹೀಟರ್ ಬೇಕೇ ಬೇಕು. ನೀರು 27–28 ಡಿಗ್ರಿಯಲ್ಲಿರಲಿ. ಕರೆಂಟ್ ಹೋದಾಗ ಗಾಜಿಗೆ ಕಂಬಳಿ ಸುತ್ತಿ.

ಎರಡನೆಯದು ಹಸಿವು. ಹೊಟ್ಟೆಯಡಿಯ ಹಳದಿ ಚೀಲ ಕರಗಿ ಮರಿ ಈಜತೊಡಗಿದ ದಿನವೇ, ಉಪ್ಪುನೀರಿನಲ್ಲಿ ಮೊಟ್ಟೆ ಒಡೆಸಿದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿಗಳನ್ನು ಸಿಹಿನೀರಿನಲ್ಲಿ ತೊಳೆದು ಹಾಕಿ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುವುದು ಬರಿಗಣ್ಣಿಗೇ ಕಾಣುತ್ತದೆ. ನೀರು ಶುಚಿಯಾಗಿಡಲು ಸ್ಪಾಂಜ್ ಫಿಲ್ಟರ್ ಸಾಕು.

ಏಂಜೆಲ್ ಮೀನು ಸಿಕ್ಲಿಡ್ ಕುಟುಂಬದ್ದು; ಅದೇ ಕುಟುಂಬದ ನಮ್ಮ ನಾಡಿನ ಮೀನುಗಳನ್ನೂ ಗಮನಿಸಿ. ನಿಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟುವ ನೇತ್ರಾವತಿ ಘಟ್ಟ ಇಳಿದ ಮೇಲೆ ಅದರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಸಿಕ್ಲಿಡ್ ಇದೆ. ಅದರ ಬಂಧು ಕಿತ್ತಳೆ ಕ್ರೋಮೈಡ್‌ನ ಮರಿಗಳು ಹೆತ್ತವರ ಮೈಲೋಳೆಯನ್ನೇ ಮೇಯುತ್ತವೆ. ಅದನ್ನು ಸಾಕುವವರು ಮರಿಗಳನ್ನು ಬೇಗ ಬೇರ್ಪಡಿಸಬಾರದು.