ದಾದಿಯರ ಮಕ್ಕಳ ಆಟಪಾಠ

2020ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯಲ್ಲಿ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಕೊರೋನಾ ರೋಗಿಗಳ ಶುಶ್ರೂಷೆಯ ತರುವಾಯ ಪ್ರತ್ಯೇಕವಾಸದಲ್ಲಿದ್ದ ದಾದಿಯೊಬ್ಬರನ್ನು ದೂರದಿಂದ ಕಂಡು, ತಂದೆಯೊಡನೆ ಬಂದಿದ್ದ ಅವರ ಎಳೆಯ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮುಖ್ಯಮಂತ್ರಿ ಯಡಿಯೂರಪ್ಪನವರು ಆ ತಾಯಿಗೆ ದೂರವಾಣಿಯಲ್ಲಿ ಧೈರ್ಯ ಹೇಳಿದರು. ಪರರ ಪ್ರಾಣ ಕಾಯುವವರ ಮಕ್ಕಳ ಪಾಲನೆ ಯಾರದು?

ಮಕ್ಕಳನ್ನು ಮನೆಯೊಳಗೇ ಇರಿಸಿದರೆ ಸೋಂಕಿನ ಭಯ ತಗ್ಗುವದು ನಿಜ. ಆದರೆ ಆಟಪಾಠಗಳಿಲ್ಲದೆ ಅವರ ಮನಸ್ಸು ಬಾಡುವದು. ಅದೇ ವರ್ಷದ ಆಗಸ್ಟಿನಲ್ಲಿ ಆರಂಭವಾದ ಸರಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಅಂಗಳ, ಮರದ ನೆರಳುಗಳಲ್ಲಿ ಚಿಕ್ಕ ಗುಂಪುಗಳಿಗೆ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರದಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮರಳಿ ಮೊದಲಾಯಿತು.

ಇಂಥ ಮಹಾಮಾರಿ ಮತ್ತೆ ಬಂದಾಗ ಗೃಹಸ್ಥರು ನೆನೆಯಬೇಕಾದುದಿಷ್ಟು: ರೋಗವು ಉಸಿರಿನಿಂದ ಹರಡುವದಾದರೆ ಮುಚ್ಚಿದ ಕೋಣೆಗಿಂತ ಬಯಲೇ ಲೇಸು, ಮಳೆ ಬಲವಾಗಿರುವ ಖಾನಾಪುರದ ಕಡೆಯಲ್ಲಿ ಗಾಳಿಯಾಡುವ ಪಡಸಾಲೆಯಾದರೂ ಆದೀತು. ನಾಲ್ಕೈದು ಮಕ್ಕಳ ಒಂದೇ ಗುಂಪು ನಿತ್ಯವೂ ಕೂಡಲಿ. ಯಾರ ಮನೆಯಲ್ಲಿ ಜ್ವರ ಕೆಮ್ಮು ಕಂಡರೂ ಆ ಮನೆಯ ಮಗು ಕೆಲದಿನ ಬರದಿರಲಿ. ಈ ನಿಯಮವು ಎಲ್ಲರಿಗೂ ಸಮನಾಗಿರಲಿ. ದಾದಿಯ ಮಗುವೆಂಬ ಕಾರಣದಿಂದಲೇ ದೂರವಿಡುವದು ಸಲ್ಲದೆಂದು ನಮ್ಮ ಅಭಿಪ್ರಾಯ.