ಪುಣೆಯಲ್ಲಿ ತಾಯಿ ಅಂದರೆ ಅಕ್ಕ

ಪುಣೆಯಲ್ಲಿ ನನ್ನನ್ನು ಎಲ್ಲರೂ ‘ತಾಯಿ’ ಅನ್ನುತ್ತಾರೆ. ಮರಾಠಿಯಲ್ಲಿ ಹಾಗಂದರೆ ಅಕ್ಕ. ಯಾದಗಿರಿ ಕಡೆಯಿಂದ ಆ ವಾರವಷ್ಟೇ ಬಂದ ಮೂರು ವರ್ಷದ ಹುಡುಗಿಗೆ ಅದೇನು ಗೊತ್ತು? “ನೀ ನನ್ನ ತಾಯಿ ಅಲ್ಲ!” ಅಂತ ನೆಲದ ಮೇಲೆ ಬಿದ್ದು ಹೊರಳಾಡಿದಳು. “ಹೌದವಾ, ನಾ ಅಕ್ಕ. ನಿಮ್ಮವ್ವ ಮ್ಯಾಲ ಉಸುಕು ಹೊರಾಕತ್ತಾಳ, ಊಟಕ್ಕ ಬರ್ತಾಳ” ಅಂದೆ. ಕನ್ನಡ ಕಿವಿಗೆ ಬಿದ್ದದ್ದೇ ಅಳು ನಿಂತಿತು.

ನಾನು ವಿಜಯಪುರದವಳು. ಮದುವೆಯಾಗಿ ಇಲ್ಲಿಗೆ ಬಂದು, ಈಗ ಕಟ್ಟಡದ ಸೈಟಿನ ಪಾಳಣಾಘರದಲ್ಲಿ ಕೆಲಸ ಮಾಡುತ್ತೇನೆ. ಪಾಳಣಾ ಅಂದರೆ ತೊಟ್ಟಿಲು. ನಮ್ಮದು ತಗಡಿನ ಎರಡು ಖೋಲಿ: ಒಂದರಲ್ಲಿ ಕೂಸುಗಳ ಜೋಳಿಗೆ, ಇನ್ನೊಂದರಲ್ಲಿ ಬಾಲವಾಡಿ. ಕನ್ನಡ, ಲಂಬಾಣಿ, ತೆಲುಗು, ಹಿಂದಿ ಎಲ್ಲವೂ ಒಂದೇ ಚಾಪೆಯ ಮೇಲೆ.

“ಮಕ್ಕಳನ್ನ ಆಡಿಸೋದು ಏನು ಮಹಾ ಕೆಲಸ?” ಅನ್ನುವವರಿದ್ದಾರೆ. ತಿಂಗಳಿಗೊಮ್ಮೆ ಪ್ರತಿ ಕೂಸನ್ನೂ ತೂಗಿ ಕಾರ್ಡಿನಲ್ಲಿ ಗೆರೆ ಎಳೆಯುತ್ತೇವೆ. ಗೆರೆ ಮೇಲೇರದೆ ಮಲಗಿತೆಂದರೆ ಆ ಕೂಸಿನ ಬಟ್ಟಲಿಗೆ ಇನ್ನೊಂದು ಸೌಟು ಖಿಚಡಿ, ಮೇಲೆ ಚೂರು ತುಪ್ಪ. ಅವ್ವಂದಿರು ಹಾಲೂಡಿಸಲು ಇಳಿದು ಬಂದಾಗ ಕೂಸು ಎಚ್ಚರವಿರಬೇಕು, ಆ ಲೆಕ್ಕದಲ್ಲೇ ಮಲಗಿಸಬೇಕು.

ಎಲ್ಲಕ್ಕಿಂತ ಕಷ್ಟ ದೊಡ್ಡ ಹುಡುಗಿಯರದು. ಏಳು ವರ್ಷದವಳೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ತಂದಳು. ಅವನನ್ನು ಜೋಳಿಗೆಗೆ ಹಾಕಿದ ಮೇಲೂ ಸೊಂಟ ಒಂದು ಕಡೆ ವಾಲಿಸಿಕೊಂಡೇ ನಿಂತಿದ್ದಳು. ಆಟಕ್ಕೆ ಕರೆದರೆ ಬರಲಿಲ್ಲ. ಜೋಳಿಗೆ ತೂಗಲು ಬೇರೆ ಆಳು ಸಿಕ್ಕಿತು ಅಂತ ನಂಬಲು ಅವಳಿಗೆ ಹದಿನೈದು ದಿನ ಬೇಕಾಯಿತು. ಅದಾದ ಮೇಲೆ ಶಾಲೆಯ ಮಾತು.

ಈ ಕೆಲಸ ಹುಟ್ಟಿದ್ದು ದಿಲ್ಲಿಯಲ್ಲಿ. 1969ರಲ್ಲಿ, ಗಾಂಧಿ ಶತಮಾನೋತ್ಸವದ ಹೊತ್ತಿಗೆ ಅಲ್ಲಿ ಕಟ್ಟಡ ಏಳುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ‘ಮೊಬೈಲ್ ಕ್ರೆಷಸ್’ ಸಂಸ್ಥೆ ಶುರುಮಾಡಿದರು. ಪುಣೆಯ ತಾರಾ ಮೊಬೈಲ್ ಕ್ರೆಷಸ್ ಅದೇ ಬೇರಿನದು. ಮುಂದೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು: 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ, ಆರು ವರ್ಷದೊಳಗಿನ ಮಕ್ಕಳಿಗೆ ಸೈಟಿನಲ್ಲೇ ಕೋಣೆ ಕೊಡಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸರನ್ನು ಇಡಬೇಕು ಅಂತ ಅದರಲ್ಲಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಬರೆದು, ಗಂಡ-ಹೆಂಡತಿ ‘ಜೋಡಿ’ಯ ಪಗಾರವನ್ನು ಅವನ ಕೈಗೇ ಕೊಟ್ಟರೆ ಹೆಣ್ಣಾಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಐವತ್ತು ತುಂಬುತ್ತಿದ್ದುದೆಲ್ಲಿ?

ಸ್ಲ್ಯಾಬ್ ಹಾಕುವ ದಿನ ನಮಗೆ ಗಡಿಯಾರವಿಲ್ಲ. ಕಾಂಕ್ರೀಟ್ ಸುರಿಯುವುದನ್ನು ನಡುವೆ ನಿಲ್ಲಿಸಿದರೆ ಅಲ್ಲೇ ಸ್ಲ್ಯಾಬ್ ದುರ್ಬಲ, ಹಾಗಾಗಿ ಅವ್ವಂದಿರು ಕೆಳಗಿಳಿಯುವುದಿಲ್ಲ. ಹೋದ ಸಲ ರಾತ್ರಿ ಎಂಟಾಯಿತು. ಆ ಯಾದಗಿರಿ ಹುಡುಗಿಯೊಬ್ಬಳೇ ಉಳಿದಿದ್ದಳು, ನನ್ನ ಸೆರಗಿನ ಚುಂಗು ಸುತ್ತುತ್ತ. ಬಾಗಿಲಲ್ಲಿ ನೆರಳು ಕಂಡದ್ದೇ ತಡ, “ತಾಯಿ, ನಮ್ಮವ್ವ ಬಂದ್ಲು!” ಅಂತ ನನ್ನನ್ನು ಅಲುಗಾಡಿಸಿದಳು. ಅವ್ವ ಒಳಗೆ ಬರಲಿಲ್ಲ. ಹೊರಗಿನ ಡ್ರಮ್ಮಿನ ಹತ್ತಿರ ಕೂತು, ಮೊಣಕೈತನಕ ಸಿಮೆಂಟ್ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.