ಹೆಬ್ಬೆರಳು ಎತ್ತುವ ಮುನ್ನ



ಕಾಲೇಜಿಗೆ ಹೊತ್ತಾದಾಗ ರಸ್ತೆ ಬದಿಯಲ್ಲಿ ನಿಂತು, ಹೋಗುತ್ತಿರುವ ಸ್ಕೂಟರಿಗೆ ಕೈ ತೋರಿಸಿ, 'ಸರ್, ಸ್ವಲ್ಪ ಡ್ರಾಪ್ ಕೊಡ್ತೀರಾ?' ಎಂದು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಇದೇ ಕೆಲಸವನ್ನು ಭಾಷೆ ತಿಳಿಯದ ನಾಡಿನಲ್ಲಿ ಒಬ್ಬರೇ ನಿಂತು ಮಾಡಬೇಕಾಗಿ ಬಂದರೆ? ಅಪರಿಚಿತರ ವಾಹನದಲ್ಲಿ, ಅವರು ಹೋಗುವ ದಾರಿಯಲ್ಲೇ, ಹಣ ಕೊಡದೆ ಪ್ರಯಾಣ ಮಾಡುವುದನ್ನು 'ಹಿಚ್‌ಹೈಕಿಂಗ್' ಎನ್ನುತ್ತಾರೆ. ಓದಲು, ದುಡಿಯಲು ಹೊರದೇಶಕ್ಕೆ ಹೋಗಲಿರುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆದ್ದರಿಂದ ಇದರ ಹಿಂದಿನ ಲೆಕ್ಕಾಚಾರವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮೊದಲು ನನ್ನದೇ ಅನುಭವ. 2010ರಲ್ಲಿ ತರಬೇತಿಗೆಂದು ಜರ್ಮನಿಗೆ ಹೋಗಿದ್ದೆ. ಒಂದು ಭಾನುವಾರ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಫುರ್ಟ್‌ವಾಂಗನ್ ಎಂಬ ಊರಿಗೆ, ಅಲ್ಲಿನ ಪ್ರಸಿದ್ಧ ಗಡಿಯಾರಗಳ ವಸ್ತುಸಂಗ್ರಹಾಲಯ ನೋಡಲು ಹೋದೆ. ಸುತ್ತಲೂ ನೂರಾರು ಗಡಿಯಾರಗಳಿದ್ದರೂ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ; ಬಸ್ಸು ತಪ್ಪಿತು. ಆ ಊರಿನಲ್ಲಿ ರೈಲು ನಿಲ್ದಾಣವಿಲ್ಲ. ರೈಲು ಹಿಡಿಯಲು ಸುಮಾರು 15 ಕಿಲೋಮೀಟರ್ ದೂರದ ಟ್ರಿಬರ್ಗ್‌ಗೆ ಹೋಗಬೇಕು. ಬೇರೆ ದಾರಿ ಕಾಣದೆ ರಸ್ತೆ ಬದಿಗೆ ಬಂದು ಹೆಬ್ಬೆರಳು ಎತ್ತಿ ನಿಂತೆ.

ಅರ್ಧ ಗಂಟೆ ಕಳೆದರೂ ಯಾರೂ ನಿಲ್ಲಿಸಲಿಲ್ಲ. ಆಮೇಲೆ ಹೊಳೆಯಿತು: ನಮ್ಮೂರಿನ ಅಭ್ಯಾಸದಂತೆ ನಾನು ರಸ್ತೆಯ ಎಡಕ್ಕೆ ನಿಂತಿದ್ದೆ. ಜರ್ಮನಿಯಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುತ್ತವೆ. ನಾನು ಕೈ ತೋರಿಸುತ್ತಿದ್ದ ಕಾರುಗಳೆಲ್ಲ ಟ್ರಿಬರ್ಗ್ ಕಡೆಯಿಂದ ಬರುತ್ತಿದ್ದವು! ರಸ್ತೆ ದಾಟಿ ನಿಂತೆ. ಆಗಲೂ ಕಾರುಗಳು ಸರ್ರನೆ ಹಾದುಹೋದವು. ಈ ಬಾರಿ ನಾನು ನಿಂತಿದ್ದುದು ಊರ ಹೊರಗೆ, ಒಂದು ತಿರುವಿನ ಪಕ್ಕದಲ್ಲಿ.

ಲೆಕ್ಕ ಹೇಳುವುದೇನು?

ಜರ್ಮನಿಯಲ್ಲಿ ಊರ ಹೊರಗಿನ ಸಾಧಾರಣ ರಸ್ತೆಗಳಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಅಂದರೆ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು 200 ಮೀಟರ್ ದೂರದಿಂದ ಕಂಡರೂ ಅವನಿಗೆ ಸಿಗುವುದು ಏಳು ಸೆಕೆಂಡು ಮಾತ್ರ. ಅಷ್ಟರಲ್ಲಿ ನಿಮ್ಮನ್ನು ನೋಡಬೇಕು, ನಂಬಬಹುದೇ ಎಂದು ಯೋಚಿಸಬೇಕು, ಬ್ರೇಕ್ ಒತ್ತಬೇಕು. ಮನಸ್ಸು ಮಾಡಲು ಒಂದು ಸೆಕೆಂಡು ಹಿಡಿದರೆ 28 ಮೀಟರ್ ಹೋಯಿತು. ಆಮೇಲೆ ವೇಗವನ್ನು ಸೆಕೆಂಡಿಗೆ 3 ಮೀಟರಿನಂತೆ ತಗ್ಗಿಸುತ್ತ ಹದವಾಗಿ ಬ್ರೇಕ್ ಹಾಕಿದರೆ ಕಾರು ನಿಲ್ಲಲು ಇನ್ನೂ ಸುಮಾರು 129 ಮೀಟರ್ ಬೇಕು. ಒಟ್ಟು 157 ಮೀಟರ್. ತಿರುವಿನಲ್ಲಿ ನಾನು 50 ಮೀಟರ್ ದೂರದಿಂದ ಮಾತ್ರ ಕಾಣಿಸುತ್ತಿದ್ದೆ. ಮನಸ್ಸಿದ್ದವರಿಗೂ ನಿಲ್ಲಿಸುವುದು ಸಾಧ್ಯವಿರಲಿಲ್ಲ.

ಅದೇ ಊರೊಳಗೆ ವೇಗಮಿತಿ ಗಂಟೆಗೆ 50 ಕಿಲೋಮೀಟರ್. ವೇಗ ಅರ್ಧವಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಅಲ್ಲಿ ಒಟ್ಟು 46 ಮೀಟರ್ ಸಾಕು. ಆದ್ದರಿಂದಲೇ ಊರು ಮುಗಿಯುವ ಅಂಚಿನಲ್ಲಿ, ರಸ್ತೆ ನೇರವಾಗಿರುವ ಕಡೆ, ಮುಂದೆ ಕಾರು ನಿಲ್ಲಿಸಲು ಜಾಗವಿರುವಲ್ಲಿ ನಿಲ್ಲಬೇಕು. ಹೋಗಬೇಕಾದ ಊರಿನ ಹೆಸರನ್ನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಿಡಿದರೆ ಇನ್ನೂ ಒಳ್ಳೆಯದು.

ನಾಡಿಗೊಂದು ನಿಯಮ

ನಿಯಮಗಳು ಎಲ್ಲ ದೇಶಗಳಲ್ಲಿ ಒಂದೇ ಅಲ್ಲ. ಜರ್ಮನಿಯ 'ಆಟೋಬಾನ್' ಹೆದ್ದಾರಿಗಳಲ್ಲಿ ಕಾಲ್ನಡಿಗೆಯವರು ಕಾಲಿಡುವಂತಿಲ್ಲ, ವಾಹನಗಳು ನಿಲ್ಲುವಂತಿಲ್ಲ. ಅಲ್ಲಿ ಲಿಫ್ಟ್ ಕೇಳುವವರು ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್ ಮತ್ತು ವಿಶ್ರಾಂತಿ ತಾಣಗಳಲ್ಲಿ ಚಾಲಕರನ್ನು ನೇರವಾಗಿ ಮಾತನಾಡಿಸುತ್ತಾರೆ. ನೆದರ್‌ಲ್ಯಾಂಡ್ಸ್‌ನ ಕೆಲವು ನಗರಗಳಲ್ಲಿ ಇದಕ್ಕೆಂದೇ ಫಲಕ ನೆಟ್ಟ ಸ್ಥಳಗಳಿವೆ. ಪೋಲೆಂಡಿನಲ್ಲಂತೂ 1950ರ ದಶಕದ ಕೊನೆಯಲ್ಲಿ ಅಧಿಕೃತ ಯೋಜನೆಯೇ ಆರಂಭವಾಗಿತ್ತು. ಪ್ರಯಾಣಿಕರು ಕೂಪನ್ ಪುಸ್ತಕ ಕೊಂಡು, ಲಿಫ್ಟ್ ಕೊಟ್ಟವರಿಗೆ ಸಾಗಿದ ದೂರಕ್ಕೆ ತಕ್ಕ ಕೂಪನ್ ಕೊಡುತ್ತಿದ್ದರು; ಕೂಪನ್ ಕೂಡಿಟ್ಟ ಚಾಲಕರಿಗೆ ಬಹುಮಾನ ಗೆಲ್ಲುವ ಅವಕಾಶವಿತ್ತು. ಇನ್ನು ಹೆಬ್ಬೆರಳಿನ ಸನ್ನೆ. ಇರಾನಿನಲ್ಲಿ ಅದು ಸಾಂಪ್ರದಾಯಿಕವಾಗಿ ಬೈಗುಳಕ್ಕೆ ಸಮ! ಹೋಗುವ ನಾಡಿನ ಕಾನೂನು, ಸನ್ನೆ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ.

'ಬೇಡ' ಎನ್ನುವ ಹಕ್ಕು

ನಾನು ಊರ ಅಂಚಿಗೆ ಮರಳಿ ನಿಂತ ಹತ್ತೇ ನಿಮಿಷದಲ್ಲಿ ಒಂದು ಕಾರು ನಿಂತಿತು. ಒಳಗೆ ಮೂವರಿದ್ದರು. ಬಿಯರ್ ವಾಸನೆ ಹೊರಗೇ ಬರುತ್ತಿತ್ತು. 'ಎಲ್ಲಿಗೆ ಹೋಗುತ್ತಿದ್ದೀರಿ?' ಎಂದು ಕೇಳಿದರೆ ನಕ್ಕರೇ ಹೊರತು ಊರಿನ ಹೆಸರು ಹೇಳಲಿಲ್ಲ. ಕತ್ತಲಾಗುತ್ತಿತ್ತು, ಚಳಿಯಿತ್ತು. ಅಷ್ಟು ಹೊತ್ತು ಕಾದ ಮೇಲೆ ನಿಂತ ಮೊದಲ ಕಾರನ್ನು ಬಿಡಲು ಮನಸ್ಸು ಬರಲಿಲ್ಲ. ನಿಲ್ಲಿಸಿದವರಿಗೆ ಬೇಸರವಾದೀತು ಎಂಬ ಸಂಕೋಚ ಬೇರೆ. ಆದರೂ 'ಬೇಡ, ಧನ್ಯವಾದ' ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಆ ದಿನ ನಾನು ಮಾಡಿದ ಕಷ್ಟದ ಕೆಲಸ ಅದೊಂದೇ.

ಈ ಮಾತನ್ನು ಏಕೆ ಒತ್ತಿ ಹೇಳುತ್ತಿದ್ದೇನೆ? 2014ರಲ್ಲಿ ಕೆನಡಾದ ಸಂಶೋಧಕರು 'ಹಿಚ್‌ಬಾಟ್' ಎಂಬ ರೋಬಾಟನ್ನು ರಸ್ತೆ ಬದಿಯಲ್ಲಿ ಕೂರಿಸಿದರು. ಅದು ಮಾತನಾಡಬಲ್ಲದು, ಆದರೆ ನಡೆಯಲಾರದು. ಮನುಷ್ಯನನ್ನು ಯಂತ್ರ ನಂಬಬಹುದೇ ಎಂದು ನೋಡುವುದು ಅವರ ಉದ್ದೇಶ. ಕಂಡಕಂಡವರ ಕಾರಿನಲ್ಲಿ ಕುಳಿತು ಅದು ಪೂರ್ವದ ಹ್ಯಾಲಿಫ್ಯಾಕ್ಸ್‌ನಿಂದ ಪಶ್ಚಿಮದ ವಿಕ್ಟೋರಿಯಾ ನಗರದವರೆಗೆ ಇಡೀ ಕೆನಡಾವನ್ನು ದಾಟಿತು. ಮರುವರ್ಷ ಜರ್ಮನಿಯಲ್ಲೂ ಸುಖವಾಗಿ ಸುತ್ತಿತು. ಆದರೆ 2015ರ ಆಗಸ್ಟ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಾರೋ ಅದನ್ನು ಒಡೆದು ಹಾಕಿದರು. ಅಲ್ಲಿಯವರೆಗೆ ಸಿಕ್ಕವರೆಲ್ಲ ಒಳ್ಳೆಯವರೇ. ಕೆಡಿಸಲು ಒಬ್ಬರು ಸಾಕಾದರು.

ಯಂತ್ರದ ಮಾತು ಹೀಗಾದರೆ ಮನುಷ್ಯರ ಮಾತು ಇನ್ನೂ ಗಂಭೀರ. 2008ರಲ್ಲಿ ಇಟಲಿಯ ಕಲಾವಿದೆ ಪಿಪ್ಪಾ ಬಾಕಾ ಶಾಂತಿ ಮತ್ತು ನಂಬಿಕೆಯ ಸಂದೇಶ ಹೊತ್ತು, ಮದುವಣಗಿತ್ತಿಯ ಉಡುಗೆಯಲ್ಲಿ, ಗೆಳತಿಯೊಡನೆ ಮಿಲಾನಿನಿಂದ ಜೆರುಸಲೇಮಿಗೆ ಇದೇ ರೀತಿ ಹೊರಟಿದ್ದರು. ಇಸ್ತಾಂಬುಲ್‌ನಲ್ಲಿ ಇಬ್ಬರೂ ಬೇರೆಬೇರೆಯಾಗಿ ಮುಂದುವರಿದರು. ಅದಾದ ಮೇಲೆ ಟರ್ಕಿಯಲ್ಲೇ ಪಿಪ್ಪಾ ಅವರ ಕೊಲೆಯಾಯಿತು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇಲ್ಲಿರುವ ಅಪಾಯ ಒಂದೇ ಪ್ರಮಾಣದ್ದಲ್ಲ ಎಂಬ ಕಹಿ ಸತ್ಯವನ್ನು ಮುಚ್ಚಿಡುವುದು ತಪ್ಪು. ಸಾಧ್ಯವಾದಷ್ಟೂ ಇಬ್ಬರಾಗಿ ಹೋಗಿ.

ಒಬ್ಬರೇ ನಿಲ್ಲಬೇಕಾಗಿ ಬಂದರೆ ಇಷ್ಟು ನೆನಪಿಡಿ. ಹಗಲಿನಲ್ಲೇ ಪ್ರಯಾಣ ಮುಗಿಸಿ. ನೀವು ಹೋಗುವ ಊರನ್ನು ಹೇಳುವ ಮೊದಲು ಅವರು ಹೋಗುವ ಊರನ್ನು ಕೇಳಿ. ಆ ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಕಾರಿನೊಳಗೆ ಕಣ್ಣಾಡಿಸಿ. ಏಳು ಸೆಕೆಂಡು ಅವರಿಗಿದ್ದಂತೆ ನಿಮಗೂ ಇದೆ. ಕಾರಿನ ನಂಬರನ್ನು ಫೋನಿನಲ್ಲಿ ಸ್ನೇಹಿತರಿಗೆ ಕಳುಹಿಸಿ, ಕಳುಹಿಸಿದ್ದನ್ನು ಚಾಲಕರಿಗೂ ತಿಳಿಸಿ. ಚೀಲವನ್ನು ಡಿಕ್ಕಿಯಲ್ಲಿಡದೆ ತೊಡೆಯ ಮೇಲಿಟ್ಟುಕೊಳ್ಳಿ, ಇಳಿಯಬೇಕೆನಿಸಿದಾಗ ಇಳಿಯಬಹುದು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ ತುರ್ತು ಸಹಾಯದ ದೂರವಾಣಿ ಸಂಖ್ಯೆ 112. ಬಸ್ಸಿಗೋ ಟ್ಯಾಕ್ಸಿಗೋ ಆಗುವಷ್ಟು ಹಣ ಜೇಬಿನಲ್ಲಿ ಇರಲೇಬೇಕು. ಬೇರೆ ದಾರಿ ಇದೆ ಎಂಬ ಧೈರ್ಯವಿದ್ದವರಿಗೆ ಮಾತ್ರ 'ಬೇಡ' ಎನ್ನಲು ಬಾಯಿ ಬರುತ್ತದೆ.

ನನ್ನ ಕಥೆ ಏನಾಯಿತು ಎನ್ನುತ್ತೀರಾ? ಇನ್ನೂ ಕಾಲು ಗಂಟೆಯ ಮೇಲೆ ವೃದ್ಧರೊಬ್ಬರು ಕಾರು ನಿಲ್ಲಿಸಿದರು. ಕೇಳಿದ ಕೂಡಲೇ 'ಟ್ರಿಬರ್ಗ್' ಎಂದರು. ನಾನು ಸಂತೋಷದಿಂದ ಎಡಗಡೆಯ ಬಾಗಿಲು ತೆರೆಯಹೋದೆ. ಅಲ್ಲಿ ಅವರೇ ಕುಳಿತಿದ್ದರು! ಸ್ಟಿಯರಿಂಗ್ ಎಡಕ್ಕಿರುತ್ತದೆಂಬುದು ಮತ್ತೆ ಮರೆತುಹೋಗಿತ್ತು. ಅವರು ನಕ್ಕರು, ನಾನೂ ನಕ್ಕೆ. ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಹತ್ತು ಮಾತೂ ಆಗಲಿಲ್ಲ. ನಿಲ್ದಾಣದಲ್ಲಿ ಐದು ಯೂರೋ ಕೊಡಲು ಹೋದಾಗ ಕೈ ಅಡ್ಡ ಮಾಡಿ ಹೊರಟುಹೋದರು.

ಆ ವೃದ್ಧರಂಥವರು ಎಲ್ಲ ನಾಡಿನಲ್ಲೂ ಇದ್ದಾರೆ, ಮಿತ್ರರೇ. ಹಿಚ್‌ಬಾಟ್ ತನ್ನನ್ನು ಯಾರು ಎತ್ತಿಕೊಂಡರೂ ಹೋಗಲೇಬೇಕಿತ್ತು. ನಿಮಗೆ ಆ ಗತಿಯಿಲ್ಲ. ಒಳ್ಳೆಯವರು ಬರುವವರೆಗೆ ಕಾಯುವ ತಾಳ್ಮೆ, ನಡುವೆ ಬಂದವರಿಗೆ 'ಬೇಡ' ಎನ್ನುವ ಗಟ್ಟಿತನ, ಇವೆರಡೂ ನಿಮ್ಮಲ್ಲಿವೆ ಎನಿಸಿದ ದಿನ ಹೆಬ್ಬೆರಳು ಎತ್ತಿ.